ಹೆಬ್ಬೆರಳಿನ ಕೆಳಗಿನ ಸಾಲು

ಆ ಶುಕ್ರವಾರ ಎಲ್ಲರಿಗಿಂತ ಹೆಚ್ಚು ನಕ್ಕವರು ತಿರುಮಲ. ಮುಂದಿನ ಎರಡು ವಾರ ವಾಸಂತಿ ಅದೊಂದನ್ನೇ ಹಿಡಿದುಕೊಂಡು ತನ್ನನ್ನು ತಾನು ಸಮಾಧಾನ ಮಾಡಿಕೊಂಡಳು. ನೊಂದವರು ಹಾಗೆ ಹೊಟ್ಟೆ ಹಿಡಿದುಕೊಂಡು ನಗುತ್ತಾರೆಯೇ? ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುತ್ತಾರೆಯೇ? ಮನೆಯಲ್ಲಿ ಗಂಡ ಸುಬ್ರಾಯನ ಹತ್ತಿರ ಹೇಳಿಕೊಂಡಾಗ ಅವನೂ ಅದನ್ನೇ ಹೇಳಿದ. "ಅವರೇ ನಕ್ಕಿದ್ದಾರೆ ಅಂದ್ಮೇಲೆ ನಿಂದೇನು ಮಧ್ಯದಲ್ಲಿ? ಬಿಡು ಮಾರಾಯ್ತಿ." ಸುಬ್ರಾಯನಿಗೆ ಅವಳು ಎಲ್ಲವನ್ನೂ ಹೇಳಿರಲಿಲ್ಲ. ಹೆಬ್ಬೆರಳಿನ ವಿಷಯ ಬಿಟ್ಟಿದ್ದಳು.

ಅವಳ ಕಚೇರಿ ಇರುವುದು ಪುರಸೈವಾಕ್ಕಂನಲ್ಲಿ, ಜವಳಿ ಅಂಗಡಿಗಳ ಸಾಲಿನ ಹಿಂದಿನ ಕಟ್ಟಡದ ಎರಡನೇ ಮಹಡಿಯಲ್ಲಿ. ಅಂಗಡಿಗಳಿಗೆ ಜಾಹೀರಾತು ಮಾಡಿಕೊಡುವ ಕೆಲಸ. ಸೀರೆ, ಪಾತ್ರೆ, ಹಾಸಿಗೆ, ಫ್ಯಾನು, ಏನು ಬಂದರೂ ಸರಿ. ನಮ್ಮ ಕಡೆ ಆಷಾಢವೆಂದರೆ ಶುಭಕಾರ್ಯ ನಿಲ್ಲಿಸಿ ಸುಮ್ಮನೆ ಕೂರುವ ತಿಂಗಳು. ಚೆನ್ನೈಯಲ್ಲಿ ಅದೇ ತಿಂಗಳಿಗೆ ಆಡಿ ಎಂದು ಹೆಸರು. ಆಗ ಅಂಗಡಿಗಳೆಲ್ಲ ದರ ಇಳಿಸಿ, ರಸ್ತೆಯಲ್ಲಿ ಕಾಲಿಡಲು ಜಾಗವಿಲ್ಲದಂತೆ ಮಾಡುತ್ತವೆ. ಹಾಗಾಗಿ ಮೇ ತಿಂಗಳು ಬಂತೆಂದರೆ ಈ ಎರಡನೇ ಮಹಡಿಯವರಿಗೆ ಉಸಿರಾಡಲು ಪುರುಸೊತ್ತಿಲ್ಲ. ಕೆ.ಆರ್. ನಗರದಿಂದ ಮದುವೆಯಾಗಿ ಬಂದ ವಾಸಂತಿ, ಸುಬ್ರಾಯನ ಬ್ಯಾಂಕಿನವರು ಮೂರು ವರ್ಷಕ್ಕೆಂದು ಕಳಿಸಿದ ಊರಿನಲ್ಲಿ ಇಪ್ಪತ್ತು ವರ್ಷ ಉಳಿದು, ಇಲ್ಲಿ ಡಿಸೈನ್ ವಿಭಾಗದ ಮುಖ್ಯಸ್ಥೆಯಾಗಿದ್ದಳು. ಕೈಕೆಳಗೆ ಆರು ಜನ.

ಆ ವರ್ಷ ಆರೂ ಜನ ಬತ್ತಿಹೋಗಿದ್ದರು. ಹೋದ ವರ್ಷದ ಚಿತ್ರವನ್ನೇ ಬಣ್ಣ ಬದಲಿಸಿ ತಂದಿಡುತ್ತಿದ್ದರು. ಏನಾದರೂ ಹೊಸದು ಹೇಳಿ ಎಂದರೆ ಎಲ್ಲರೂ ತಲೆ ತಗ್ಗಿಸಿ ಫೋನ್ ನೋಡುವವರೇ. ಮಾಲೀಕ ಶಂಕರನಾರಾಯಣರಿಗೆ ಇದು ಗೊತ್ತಾಗಿ, "ಟೀಮಲ್ಲಿ ಜೀವವೇ ಇಲ್ಲಮ್ಮ, ಏನಾದರೂ ಮಾಡಿ" ಎಂದು ಒಬ್ಬ ತರಬೇತುದಾರನನ್ನು ಕರೆಸಿದರು. ಅವನು ಮಹಾಬಲಿಪುರದ ರಸ್ತೆಯ ಒಂದು ರೆಸಾರ್ಟಿಗೆ ಎಲ್ಲರನ್ನೂ ಕರೆದುಕೊಂಡು ಹೋಗಿ, ಕಣ್ಣು ಮುಚ್ಚಿ ಹಿಂದಕ್ಕೆ ಬೀಳಿ, ಗೆಳೆಯರು ಹಿಡಿಯುತ್ತಾರೆ, ನಂಬಿಕೆ ಬೆಳೆಯುತ್ತದೆ ಎಂದ. ವಿಡಿಯೊ ಕೆಲಸದ ಮನೀಶ್ ಬಿದ್ದ. ಹಿಡಿಯಬೇಕಾದವನು ಆಗಲೇ ಮೆಸೇಜು ನೋಡುತ್ತಿದ್ದ. ಮನೀಶ್ ನಾಲ್ಕು ದಿನ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಕೂತ.

ಆಮೇಲೆ ವಾಸಂತಿ ತಾನೇ ಒಂದು ಆಟ ಹುಡುಕಿದಳು. ಜನ ಬಾಯಿ ಬಿಡದಿರುವುದು ತಲೆಯಲ್ಲಿ ಏನೂ ಇಲ್ಲವೆಂದಲ್ಲ, ಆಡಿಕೊಳ್ಳುತ್ತಾರೆಂಬ ಅಂಜಿಕೆಯಿಂದ ಎಂಬುದು ಅವಳಿಗೆ ಅನುಭವದಿಂದ ಗೊತ್ತಿತ್ತು. ಸರಿ, ಆಡಿಕೊಳ್ಳುವುದನ್ನೇ ಮೊದಲು ಮುಗಿಸಿಬಿಡೋಣ ಎಂದುಕೊಂಡಳು. ಪ್ರತಿ ಶುಕ್ರವಾರ ನಾಲ್ಕು ಗಂಟೆಗೆ ಎಲ್ಲರೂ ತಮಗೆ ಹೊಳೆದ ಅತ್ಯಂತ ಕೆಟ್ಟ ಐಡಿಯಾವನ್ನು ಚೀಟಿಯಲ್ಲಿ ಬರೆದು ಒಂದು ಸ್ಟೀಲ್ ಬಕೆಟ್ಟಿಗೆ ಹಾಕಬೇಕು. ಹೆಸರು ಬರೆಯುವಂತಿಲ್ಲ. ವಾಸಂತಿ ಒಂದೊಂದನ್ನೇ ತೆಗೆದು ಓದುತ್ತಾಳೆ, ಒಂದನ್ನು ವಾರ್ತೆ ಓದುವವಳ ಹಾಗೆ, ಇನ್ನೊಂದನ್ನು ಸೀರಿಯಲ್ ಅತ್ತೆಯ ಹಾಗೆ. ಅತಿ ಕೆಟ್ಟದ್ದಕ್ಕೆ ಬೋಂಡ.

ಆಟ ಹಿಡಿಸಿತು. ಹಾಸಿಗೆ ಅಂಗಡಿಗೆ ಹೆಣ ಮಲಗಿಸಿ ಫೋಟೊ ತೆಗೆಯೋಣ ಎಂದು ಒಬ್ಬರು ಬರೆದರು. ಬಿದ್ದು ಬಿದ್ದು ನಕ್ಕರು. ನಕ್ಕ ಮೇಲೆ, ಅದೇ ಬಿಸಿಯಲ್ಲಿ, ಒಳ್ಳೆಯ ಮಾತು ಒಂದೆರಡು ತಾನಾಗಿ ಹೊರಗೆ ಬಂದವು. ಜಾಹೀರಾತಿನ ಮಾತು ಬರೆಯುವ ಪ್ರಣಮ್ಯಾ ಕೆಲಸ ಬಿಡಲು ಬರೆದಿಟ್ಟಿದ್ದ ಪತ್ರವನ್ನು ಹರಿದಳು. ಅವಳು ಹೊಸೂರಿನ ಕಡೆಯ ಕನ್ನಡದವರ ಮನೆಯ ಹುಡುಗಿ. ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ.

ಆಟಕ್ಕೆ ಸೇರದೆ ದೂರ ಉಳಿದವರು ತಿರುಮಲ ಒಬ್ಬರೇ. ಐವತ್ತೇಳು ವಯಸ್ಸು. ಅವರ ಅಪ್ಪ ಕನ್ನಡ ನಾಡಿನಿಂದ ಪೆರಂಬೂರಿನ ರೈಲ್ವೆ ಕಾರ್ಖಾನೆಗೆಂದು ಬಂದು ಇಲ್ಲೇ ನಿಂತವರು. ಹಾಗಾಗಿ ಮಗನ ಕನ್ನಡಕ್ಕೆ ತಮಿಳು ಬೆರೆತಿತ್ತು. ತಿರುಮಲ ಅಂಗಡಿಗಳ ಬೋರ್ಡು ಬರೆಯುತ್ತಿದ್ದರು. ಫ್ಲೆಕ್ಸ್ ಬಂದು ಆ ಕೆಲಸ ಹೋದಾಗ ಶಂಕರನಾರಾಯಣರು ಕರೆದು ಕಂಪ್ಯೂಟರ್ ಮುಂದೆ ಕೂರಿಸಿದ್ದರು. ಹನ್ನೊಂದು ವರ್ಷದಿಂದ ಅವರ ಕೆಲಸ ಒಂದೇ: ಫೋಟೊದಲ್ಲಿರುವ ಕುಕ್ಕರು, ಕೊಡ, ಇಡ್ಲಿ ಪಾತ್ರೆಗಳನ್ನು ಅಂಚು ಹಿಡಿದು ಬಿಡಿಸಿ, ಹಿಂದಿನದೆಲ್ಲ ಬಿಳಿ ಮಾಡುವುದು. ಐಡಿಯಾ ಕೇಳಲು ಅವರ ಮೇಜಿನ ಹತ್ತಿರ ಯಾರೂ ಹೋದದ್ದಿಲ್ಲ.

ವಾಸಂತಿ ಹೋಗಿದ್ದಳು. "ತಿರುಮಲಣ್ಣ, ನೀವೂ ಒಂದು ಬರೀರಿ. ಆಟಕ್ಕೆ ಅಂತಲ್ಲ, ನಿಜವಾಗ್ಲೂ. ಪಾತ್ರೆ ನಿಮ್ಮಷ್ಟು ನೋಡಿದೋರು ಇಲ್ಲಿ ಯಾರಿದ್ದಾರೆ?"

"ಅಯ್ಯೋ, ನನಗೆ ಏನಮ್ಮ ತೆರಿಯುತ್ತೆ? ಚಿಕ್ಕ ಮಕ್ಕಳು ನಗ್ತಾರೆ."

"ಯಾರೂ ನಗಲ್ಲ. ನಾನಿದ್ದೀನಲ್ಲ."

ಇದಾದ ಎರಡನೇ ಶುಕ್ರವಾರ ಆ ಸಂಗತಿ ನಡೆಯಿತು. ವಾಸಂತಿ ಫೋನಿನಲ್ಲಿದ್ದಾಗ ತಿರುಮಲ ಬಂದು, ನಾಲ್ಕು ಮಡಿಕೆಯ ಒಂದು ಹಾಳೆಯನ್ನು ಅವಳ ಫೈಲಿನ ಮೇಲಿಟ್ಟು, ಕೈಸನ್ನೆಯಲ್ಲೇ ಆಮೇಲೆ ನೋಡಿ ಎಂದು ಹೇಳಿ ಹೋದರು. ನಾಲ್ಕು ಗಂಟೆಗೆ ಮನೀಶ್ ಬಕೆಟ್ ಹಿಡಿದು ಮೇಜಿನಿಂದ ಮೇಜಿಗೆ ಚೀಟಿ ಎತ್ತುತ್ತ ಬಂದವನು ಅದನ್ನೂ ಎತ್ತಿ ಹಾಕಿಕೊಂಡ. ಅಲ್ಲಿಯವರೆಗೆ ಯಾರದೂ ತಪ್ಪಿಲ್ಲ.

ಅಂದು ಶಂಕರನಾರಾಯಣರೂ ನೋಡಲು ಬಂದು ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಫೋನು. ಮೊದಲ ಎರಡು ಚೀಟಿ ಚಪ್ಪೆ. ಮಾಲೀಕರ ಎದುರು ಹುಡುಗರು ಬಿಗಿದುಕೊಂಡಿದ್ದರು. ವಾಸಂತಿಗೆ ಬೆವರು. ಮೂರನೆಯದನ್ನು ಬಿಡಿಸಿದಳು. ತಮಿಳು ಅಕ್ಷರ, ಬೋರ್ಡು ಬರೆಯುವವರ ದುಂಡನೆಯ ಕೈ. ಎಲ್ಲಕ್ಕಿಂತ ಮೇಲಿನ ಸಾಲು ಮಾತ್ರ ತಮಿಳು ಅಕ್ಷರದಲ್ಲಿ ಬರೆದ ಕನ್ನಡ. ಅವರಿಗೆ ಕನ್ನಡ ಬರೆಯಲು ಬಾರದು, ಆದರೂ ಅವಳೊಬ್ಬಳಿಗೆಂದು ಹಾಗೆ ಬರೆದಿದ್ದರು: "ವಾಸಂತಿ ಅಮ್ಮನಿಗೆ, ನೀವು ಕೇಳಿದಿರಿ ಅಂತ ಬರೆದಿದ್ದೇನೆ, ಸರಿಯಿಲ್ಲದಿದ್ದರೆ ಯಾರಿಗೂ ತೋರಿಸಬೇಡಿ."

ಅವಳು ಅದನ್ನು ಓದಿದಳು, ಮನಸ್ಸಿನಲ್ಲೇ. ಓದಿ, ಅರ್ಥ ಮಾಡಿಕೊಂಡು, ಹೆಬ್ಬೆರಳನ್ನು ಆ ಸಾಲಿನ ಮೇಲೆ ಜರುಗಿಸಿ, ಕೆಳಗಿನಿಂದ ಶುರುಮಾಡಿದಳು.

"ಪಾತ್ರೆ ಅಂಗಡಿಗೆ. ಪುಟ ಪೂರಾ ಬಿಳಿ. ಮಧ್ಯದಲ್ಲಿ ಒಂದೇ ಒಂದು... ಸೊಟ್ಟ ಟಂಬ್ಲರ್!"

ಸೀರಿಯಲ್ ದನಿ ತಾನಾಗಿ ಬಂತು. ಕೋಣೆ ಒಮ್ಮೆಲೇ ಸಡಿಲಾಯಿತು. ಹೊಸ ಪಾತ್ರೆ ಮಾರುವವರಿಗೆ ಸೊಟ್ಟ ಲೋಟ! ಮನೀಶ್ ಮೇಜು ಬಡಿದ. "ಸೆಮ್ಮ ಮೇಡಂ, ಸೂಪರ್! ಕಂಟಿನ್ಯೂ!" ಎಂದಳು ಪ್ರಣಮ್ಯಾ. ಬಾಗಿಲಲ್ಲಿ ಶಂಕರನಾರಾಯಣರು ಫೋನು ಎತ್ತಿ ವಿಡಿಯೊ ಹಿಡಿಯುತ್ತಿದ್ದದ್ದು ಅವಳಿಗೆ ಕಂಡದ್ದು ಆಗಲೇ.

"ರೇಟು ಬೇಡ. ಡಿಸ್ಕೌಂಟ್ ಬೇಡ. ಹೆಣ್ಣಿನ ಫೋಟೊ ಬೇಡ. ಕೆಳಗೆ ಚಿಕ್ಕ ಅಕ್ಷರ: ನಮ್ಮಮ್ಮ ಇದರಲ್ಲಿ ನಲವತ್ತು ವರ್ಷ ಕಾಫಿ ಕುಡಿದಳು..." ಇಲ್ಲಿ ಅವಳು ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಸೆರಗಿನಿಂದ ಕಣ್ಣೊತ್ತಿಕೊಳ್ಳುವ ನಟನೆ ಮಾಡಿದಳು. "...ಅಮ್ಮ ಹೋದಳು. ಟಂಬ್ಲರ್ ಇದೆ!"

ನಗುವಿನಿಂದ ಕಿಟಕಿಯ ಗಾಜು ಅದುರಿದಂತಾಯಿತು. ಕನ್ನಡಕ ತೆಗೆದು ನಗುತ್ತಿರುವ ತಿರುಮಲ ಅವಳ ಕಣ್ಣಿಗೆ ಬಿದ್ದದ್ದು ಆಗ. ಯಾರದು ಯಾರದು ಎಂದು ಕೂಗೆದ್ದಾಗ ಅವರೇ ಕೈ ಎತ್ತಿದರು. "ನಂದೇ. ಬೋಂಡ ಕೊಡಿ." ಎದ್ದು ಬಂದು, ಬೋಂಡ ತೆಗೆದುಕೊಂಡು, ಎಲ್ಲರಿಗೂ ಒಂದು ಸಲಾಮು ಹೊಡೆದು, ತಿಂದರು. ಆ ಹಾಳೆಯನ್ನು ಅವಳ ಕೈಯಿಂದ ಮೆಲ್ಲಗೆ ತೆಗೆದುಕೊಂಡು ಜೇಬಿಗೆ ಹಾಕಿಕೊಂಡರು.

ಮರುವಾರದಿಂದ ತಂಡದ ಕಳೆಯೇ ಬೇರೆ. ಆಡಿಯ ಕೆಲಸ ಗೊತ್ತುಮಾಡಿದ ದಿನಕ್ಕೆ ಮೊದಲೇ ಮುಗಿಯಿತು. ಶಂಕರನಾರಾಯಣರು ವಿಡಿಯೊವನ್ನು ಕಂಪನಿಯ ಗ್ರೂಪಿಗೆ ಹಾಕಿ, "ನೋಡಿ, ಕೆಲಸದ ಜಾಗ ಹೀಗಿರಬೇಕು" ಎಂದು ಬರೆದರು. ಪ್ಯಾರೀಸ್ ಕಾರ್ನರ್‌ನಲ್ಲಿರುವ ಕಂಪನಿಯದೇ ಅಚ್ಚಿನ ಪ್ರೆಸ್ಸಿನವರೆಲ್ಲ ನಗುಮುಖ ಕಳಿಸಿದರು. ಕೆಳಗಿನ ಕಾಫಿ ಅಂಗಡಿಯವನು ಕೂಡ ತಿರುಮಲರಿಗೆ "ಏನಣ್ಣ, ಸೊಟ್ಟ ಟಂಬ್ಲರ್‌ನಲ್ಲಿ ಕೊಡಲಾ?" ಎಂದ. ತಿರುಮಲ ಅದಕ್ಕೂ ನಕ್ಕರು.

ವಾಸಂತಿ ಆ ವಿಡಿಯೊವನ್ನು ಎಷ್ಟು ಸಲ ನೋಡಿದಳೋ. ಐವತ್ತೆರಡು ಸೆಕೆಂಡು. ಆರನೇ ಸೆಕೆಂಡಿನಲ್ಲಿ ಹೆಬ್ಬೆರಳು ಜರುಗುತ್ತದೆ. ಕ್ಯಾಮೆರಾ ಶುರುವಾಗುವ ಮೊದಲೇ ಎಲ್ಲ ಮುಗಿದಿತ್ತೆಂದು ಅವಳು ನಂಬಿದ್ದಳು. ಶಂಕರನಾರಾಯಣರು ಫೋನು ಎತ್ತಿದ್ದು ಅದಕ್ಕೂ ಮುಂಚೆಯೇ. ಬೇರೆಯವರಿಗೆ ಅದು ಬರೀ ಒಂದು ಬೆರಳು.

ತಿರುಮಲರಲ್ಲಿ ಬದಲಾವಣೆ ಇತ್ತು. ಹುಡುಕಿದರೆ ಮಾತ್ರ ಕಾಣುವಂಥದ್ದು. ಹೊತ್ತಿಗೆ ಬರುತ್ತಿದ್ದರು, ಕೆಲಸ ಅಚ್ಚುಕಟ್ಟು. ಮೊದಲೆಲ್ಲ ಪಾತ್ರೆಯ ಅಂಚು ಬಿಡಿಸುತ್ತ "ಈ ಕೊಡಕ್ಕೆ ನೆರಳು ಎಡಕ್ಕೆ ಬರಬೇಕು, ಮೂರ್ಖರು ಬಲಕ್ಕೆ ಹಾಕಿದ್ದಾರೆ" ಎಂದು ಗೊಣಗುತ್ತಿದ್ದವರು ಈಗ ಬಲಕ್ಕೆ ಎಂದರೆ ಬಲಕ್ಕೇ ಹಾಕಿ ಕೊಡುತ್ತಿದ್ದರು. ಅವಳು ಬೇಕೆಂದೇ ಒಂದು ಸಲ ತಪ್ಪು ಬಣ್ಣ ಹೇಳಿದಳು. ಅದನ್ನೇ ಮಾಡಿಕೊಟ್ಟರು. "ಸರಿಯಿದೆಯಾ ತಿರುಮಲಣ್ಣ?" ಎಂದರೆ, "ನೀವು ಹೇಳಿದ ಮೇಲೆ ಸರೀನೇ ಮೇಡಂ" ಎಂದರು. ಅಲ್ಲಿಯವರೆಗೆ ಕನ್ನಡ ಮಾತಾಡುವಾಗ ಅವರು ಯಾವತ್ತೂ ಅಮ್ಮ ಎನ್ನುತ್ತಿದ್ದರು, ಮೇಡಂ ಅಂದದ್ದಿಲ್ಲ.

ಅಷ್ಟರಲ್ಲಿ ಶಂಕರನಾರಾಯಣರು ಅವಳನ್ನು ಒಳಗೆ ಕರೆದರು. ಜುಲೈ ಮೊದಲ ಶನಿವಾರ ಎಗ್ಮೋರಿನ ಹೋಟೆಲಿನಲ್ಲಿ ಕಚೇರಿ, ಪ್ರೆಸ್ಸು ಎಲ್ಲ ಸೇರಿ ನಲವತ್ತು ಜನರ ಊಟ. "ಅಲ್ಲಿ ನೀವು ಮಾತಾಡಬೇಕು. ಟೀಮನ್ನು ಹೇಗೆ ಹುರುಪಿನಲ್ಲಿ ಇಟ್ಟುಕೊಳ್ಳೋದು ಅಂತ. ಹತ್ತು ನಿಮಿಷ ಸಾಕು. ಶುರುವಿನಲ್ಲಿ ನಮ್ಮ ಟಂಬ್ಲರ್ ವಿಡಿಯೊ ಹಾಕೋಣ, ದೊಡ್ಡ ಪರದೆ ಮೇಲೆ."

ಸಂಜೆ ಅವಳು ತಿರುಮಲರನ್ನು ಹಿಂಬಾಲಿಸಿ ಇಳಿದಳು. ತಾಂಬರಂನಲ್ಲಿ ಅವರ ಮನೆ. ದಿನವೂ ಎಗ್ಮೋರಿಗೆ ಹೋಗಿ ರೈಲು ಹಿಡಿಯುತ್ತಾರೆ. ಬಸ್ ನಿಲ್ದಾಣದಲ್ಲಿ ಸಿಕ್ಕರು, ಬಗಲಲ್ಲಿ ಊಟದ ಚೀಲ.

"ತಿರುಮಲಣ್ಣ, ಅವತ್ತಿನದು... ಮನೀಶ್ ಗೊತ್ತಿಲ್ಲದೆ ಎತ್ತಿ ಹಾಕಿಬಿಟ್ಟಿದ್ದ."

"ಆಮಾ. ಗೊತ್ತು. ಪಾವಂ, ಪಾಪದ ಹುಡುಗ ಅವನು, ಅವನ್ದೇನು ತಪ್ಪಿದೆ."

"ನಾನೂ..."

"ಆಟ ತಾನೆ ಮೇಡಂ. ವಿಡುಂಗ, ಬಿಟ್ಟುಬಿಡಿ. ಬಸ್ಸು ಬಂತು."

ಬಂದದ್ದು ಅವರ ಬಸ್ಸಲ್ಲ. ಇಬ್ಬರಿಗೂ ಅದು ಕಂಡಿತು. ವಾಸಂತಿ ಬಾಯಿಗೆ ಬಂದದ್ದನ್ನು ನುಂಗಲಿಲ್ಲ. "ಮೇಲಿನ ಸಾಲು ನಾನು ಓದಿದ್ದೆ. ಓದಿ ಮುಚ್ಚಿದೆ. ಅವರೆಲ್ಲ ನಗಲಿ ಅಂತ."

ತಿರುಮಲ ಚೀಲವನ್ನು ಇನ್ನೊಂದು ಬಗಲಿಗೆ ಬದಲಾಯಿಸಿದರು. "ನೋಡಿದೆ. ಎದುರಿಗೇ ಕೂತಿದ್ದೆ ತಾನೆ? ವಿಡಿಯೊ ಬಂದ ಮೇಲೆ ನನ್ನ ಮಗಳೂ ನೋಡಿದಳು. ಅಪ್ಪ, ಆ ಮೇಡಂ ಬೆರಳಲ್ಲಿ ಏನೋ ಮರೆಮಾಡ್ತಾ ಇದ್ದಾರೆ ಅಂದಳು. ಇಲ್ಲಮ್ಮ, ಪೇಪರ್ ಹಿಡಿಯೋದೇ ಹಾಗೆ ಅಂದೆ."

"ಬೈದುಬಿಡಿ ನನ್ನ."

"ಎದುಕ್ಕೆ ಬೈಬೇಕು? ನಗಿಸಿದಿರಿ, ಕೆಲಸ ನಡೀತು. ಮುದಲಾಳಿಗೂ ಸಂತೋಷ." ಮಾಲೀಕರನ್ನು ಅವರು ಕರೆಯುವುದು ಹಾಗೆ. "ನಾನಿದ್ದೀನಲ್ಲ ಅಂದಿರಿ. ಅದೊಂದನ್ನ ಹೇಳದೆ ಇದ್ದಿದ್ರೆ, ಮೇಡಂ, ನಾನು ಬರೀತಾನೇ ಇರಲಿಲ್ಲ."

ಅವರ ಬಸ್ಸು ಬಂತು. ಹತ್ತಿಕೊಂಡರು.

ಶನಿವಾರದವರೆಗೆ ವಾಸಂತಿ ದಾರಿ ಹುಡುಕಿದಳು. ದಾರಿಗಳಿಗೇನು ಕೊರತೆ? ಪೆನ್‌ಡ್ರೈವ್ ಮರೆತೆ ಎನ್ನಬಹುದು. ದನಿ ಸರಿಯಿಲ್ಲ, ಬೇರೆ ವಿಡಿಯೊ ಹಾಕೋಣ ಎನ್ನಬಹುದು. ಜ್ವರ ಬರಬಹುದು. ಇಪ್ಪತ್ತು ವರ್ಷ ಕಚೇರಿಗಳಲ್ಲಿ ಕಳೆದವಳಿಗೆ ಇಂಥವು ಹತ್ತು ಗೊತ್ತು. ಆದರೆ ಹೀಗೆ ತಪ್ಪಿಸಿದರೆ ಅದೂ ಹೆಬ್ಬೆರಳೇ, ಇನ್ನೊಂದು ಸಾಲಿನ ಮೇಲೆ. ಎಲ್ಲರ ಮುಂದೆ ಮಾಡಿದ್ದನ್ನು ಬಸ್ ನಿಲ್ದಾಣದಲ್ಲಿ ಒಬ್ಬರಿಗೆ ಹೇಳಿ ಮುಗಿಸಿದರೆ ಲೆಕ್ಕ ಸರಿಹೋಗುವುದಿಲ್ಲ ಎಂದು ಅವಳಿಗೆ ಅನ್ನಿಸಿತು. ಹೇಳಿಬಿಡುತ್ತೇನೆ ಎಂದುಕೊಂಡ ಮೇಲೆ ಮನಸ್ಸು ಎಷ್ಟು ಹಗುರಾಯಿತೆಂದರೆ, ಅದರಲ್ಲೇ ಏನೋ ಮೋಸವಿದೆ ಎಂಬುದು ಹೊಳೆಯಲೇ ಇಲ್ಲ.

ಹೋಟೆಲಿನ ಹಾಲಿನಲ್ಲಿ ಬಿರಿಯಾನಿ, ಮೊಸರನ್ನದ ವಾಸನೆ. ದೊಡ್ಡ ಪರದೆಯ ಮೇಲೆ ಅವಳದೇ ಮುಖ, ಬಾಯಿ ತೆರೆದು ನಿಂತಿತ್ತು. ಮನೀಶ್ ಶುರುಮಾಡಲು ಕೈ ಇಟ್ಟುಕೊಂಡು ಕೂತಿದ್ದ.

"ಇದನ್ನ ಹಾಕಬೇಡ ಮನೀಶ್," ಎಂದಳು ವಾಸಂತಿ ಮೈಕಿನಲ್ಲಿ. ಆಮೇಲೆ ತಮಿಳಿನಲ್ಲಿ, ತಡವರಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಆ ಹಾಳೆ ಆಟದ್ದಲ್ಲ. ತಾನೇ ಕೇಳಿ ಬರೆಸಿಕೊಂಡದ್ದು. ಮೇಲೆ ಹಾಗೆಂದು ಬರೆದಿತ್ತು. ತಿಳಿದೂ ಅದನ್ನು ಬೆರಳಿನಿಂದ ಮುಚ್ಚಿ ಓದಿದೆ. "ಟೀಮನ್ನು ಹುರುಪಿನಲ್ಲಿ ಇಡೋದು ಹೇಗೆ ಅಂತ ನನಗೆ ಮಾತಾಡಲು ಹೇಳಿದ್ದಾರೆ. ನಾನು ಇಟ್ಟದ್ದು ಹೀಗೆ, ಒಬ್ಬರನ್ನು ತೆತ್ತು. ತಿರುಮಲ ಅವರೇ, ಕ್ಷಮಿಸಿ."

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಪ್ರಣಮ್ಯಾ ತಲೆ ತಗ್ಗಿಸಿದ್ದಳು. ನಲವತ್ತು ತಲೆಗಳೂ ತಿರುಮಲರ ಕಡೆ ತಿರುಗಿದವು. ಅವರ ಕೈಯಲ್ಲಿ ಅರ್ಧ ತಿಂದ ಹಪ್ಪಳ. ಅವರು ಅದನ್ನು ತಟ್ಟೆಯಲ್ಲಿಟ್ಟು, ಎದ್ದು, ಕೈ ತೊಳೆಯಲು ಹೋದವರು ಮತ್ತೆ ಬರಲಿಲ್ಲ.

"ಊಟದ ಹೊತ್ತಲ್ಲಿ ಇದೆಲ್ಲ ಬೇಕಿತ್ತೇನಮ್ಮ?" ಎಂದರು ಶಂಕರನಾರಾಯಣ, ಮೈಕು ತೆಗೆದುಕೊಳ್ಳುತ್ತ.

ಸೋಮವಾರ ಬೆಳಿಗ್ಗೆ ತಿರುಮಲ ನೇರ ಅವಳ ಮೇಜಿಗೆ ಬಂದರು. ಹನ್ನೊಂದು ವರ್ಷದಲ್ಲಿ ಅವರ ದನಿ ಏರಿದ್ದನ್ನು ಅವಳು ಕೇಳಿರಲಿಲ್ಲ.

"ಯಾರನ್ನ ಕೇಳಿ ಹೇಳಿದಿರಿ?"

"ಅಣ್ಣ, ನಾನು ತಪ್ಪು ಒಪ್ಕೊಳ್ಳೋಣ ಅಂತ..."

"ನಿಮ್ಮ ತಪ್ಪು ನೀವು ಒಪ್ಕೊಂಡ್ರಿ, ನಿಮಗೆ ನೆಮ್ಮದಿ. ನನಗೆ? ಅವತ್ತು ಏಳು ಜನ ನಕ್ಕರು, ನಾನೂ ಕೂಡ ನಕ್ಕು ಮುಗಿಸಿದೆ. ಜೋಕು ಬರೆದವನು ಅಂತ ಒಂದು ಮರ್ಯಾದೆ ಇತ್ತು. ಈಗ ನಲವತ್ತು ಜನ ಪಾವಂ ಪಾವಂ ಅಂತಾರೆ. ಪ್ರೆಸ್ಸಿನೋನು ನಿನ್ನೆ ಫೋನ್ ಮಾಡಿ ಸಮಾಧಾನ ಹೇಳ್ತಾನೆ, ಮೇಡಂ. ಏನೋ ಸಾವಾದ ಮನೇಗೆ ಹೇಳೋ ಹಾಗೆ! ಎರಡು ಸಲವೂ ನನ್ನ ಕೇಳಲಿಲ್ಲ ನೀವು. ಓದೋವಾಗಲೂ ಕೇಳಲಿಲ್ಲ, ಹೇಳೋವಾಗಲೂ ಕೇಳಲಿಲ್ಲ."

ವಾಸಂತಿ ಕ್ಷಮಿಸಿ ಎನ್ನಲು ಹೊರಟಳು. ಆ ಮಾತನ್ನು ಶನಿವಾರವೇ ಖರ್ಚು ಮಾಡಿಬಿಟ್ಟಿದ್ದಳು. ಸುತ್ತ ಎಲ್ಲರೂ ಪರದೆ ನೋಡುವ ನಟನೆ ಮಾಡುತ್ತಿದ್ದರು.

"ಈಗ ಕೇಳ್ತೀನಿ," ಎಂದಳು ಕೊನೆಗೆ. "ಏನು ಮಾಡ್ಲಿ?"

ತಿರುಮಲ ಉಸಿರು ಬಿಟ್ಟರು. ಅಂಗಿಯ ಕೈ ಸರಿಮಾಡಿಕೊಂಡರು. "ಮುದಲಾಳಿ ಕರೆದಿದ್ದಾರೆ. ಅದು ಏನಯ್ಯಾ ಐಡಿಯಾ, ದೀಪಾವಳಿಗೆ ಆಗುತ್ತಾ, ಬಂದು ಹೇಳು ಅಂದರು. ಪಾತ್ರೆ ಅಂಗಡಿಯೋರೂ ಬಂದು ಕೂತಿದ್ದಾರೆ."

"ಒಳ್ಳೇದಾಯ್ತಲ್ಲ! ನಾನೂ ಬರ್ತೀನಿ, ಬೇಕಾದರೆ ನಾನೇ ವಿವರಿಸಿ..."

"ಬೇಡ." ಆ ಮಾತು ಒರಟಾಗಿ ಬಂತು, ಅವರಿಗೇ ಹಾಗನ್ನಿಸಿತೋ ಏನೋ, ದನಿ ಇಳಿಸಿದರು. "ನೀವು ಬರಬೇಡಿ. ಚೆನ್ನಾಗಿಲ್ಲ ಅಂದರೆ ನನ್ನ ಮುಖಕ್ಕೇ ಅನ್ನಲಿ. ನಾನೇ ಹೇಳ್ತೀನಿ."

ತಮ್ಮ ಮೇಜಿಗೆ ಹೋಗಿ ಬಾಚಣಿಗೆ ತೆಗೆದು ತಲೆ ಬಾಚಿಕೊಂಡರು, ಮೊದಲ ದಿನ ಕೆಲಸಕ್ಕೆ ಬಂದವರ ಹಾಗೆ. ಮಾಲೀಕರ ಕೋಣೆಯ ಬಾಗಿಲು ಅವರ ಹಿಂದೆ ಮುಚ್ಚಿತು.

ವಾಸಂತಿ ಒಂದು ಸೀರೆಯ ಜಾಹೀರಾತನ್ನು ತೆರೆದುಕೊಂಡು ಕೂತಳು. ಒಳಗಿನಿಂದ ಮಾತು ಕೇಳಿಸುತ್ತಿರಲಿಲ್ಲ, ದನಿ ಮಾತ್ರ. ಬಹಳ ಹೊತ್ತು ತಿರುಮಲರದೊಂದೇ ದನಿ. ಅವಳಿಗೆ ಎದ್ದು ಹೋಗಿ ಬಾಗಿಲು ತಳ್ಳಿ, ಅವರ ಪರವಾಗಿ ನಾಲ್ಕು ಮಾತಾಡಿ, ಅವರನ್ನು ಗೆಲ್ಲಿಸಿಬಿಡಬೇಕು ಎನ್ನಿಸಿತು. ಆ ಆಸೆ ಯಾರಿಗಾಗಿ ಎಂದು ಈಗ ಅವಳಿಗೆ ತಿಳಿಯುತ್ತಿತ್ತು. ಕುರ್ಚಿಯ ಕೈ ಹಿಡಿದುಕೊಂಡು ಕೂತಳು.

ಪ್ರಣಮ್ಯಾ ಹತ್ತಿರ ಬಂದು ನಿಂತಳು. ಅಪರೂಪಕ್ಕೆ ಕನ್ನಡದಲ್ಲೇ ಕೇಳಿದಳು, ಒಂದೊಂದೇ ಮಾತು ಹುಡುಕಿ. "ಮೇಡಂ, ನೀವು ಒಳಗೆ ಹೋಗಲ್ವಾ?"

"ಇಲ್ಲಮ್ಮ. ನನ್ನ ಕರೆದಿಲ್ಲ."

ಕೆಳಗಿನ ಅಂಗಡಿಯವನು ಮೆಟ್ಟಿಲು ಹತ್ತಿ ಬಂದ. ಅರ್ಧ ಗಂಟೆಯಲ್ಲಿ ಎರಡನೇ ಸಲ ಒಳಗೆ ಕಾಫಿ ಹೋಯಿತು.